ಮೂರು ಬೈಟ್‌ಗಳ ಇತಿಹಾಸ: ಡೌನ್‌ಲೋಡ್ ಆದ ಫೈಲ್ ಯಾಕೆ ಓಪನ್ ಆಗಲ್ಲ?

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ಪಿಎಚ್‌ಪಿ ಫೈಲ್‌ಗೆ ಕನ್ನಡದ ಸಾಲು ಸೇರಿಸಿ, ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಅಂತ ಸೇವ್ ಮಾಡಿದೆ. ಮಾರನೇ ದಿನದಿಂದ ಅಲ್ಲಿ ಡೌನ್‌ಲೋಡ್ ಆಗ್ತಿದ್ದ ಜಿಪ್ ಫೈಲ್ ಒಂದೂ ಓಪನ್ ಆಗಲಿಲ್ಲ. "ನಿನ್ನ ಕನ್ನಡದಿಂದಲೇ ಕೆಟ್ಟಿದ್ದು, ತೆಗಿ" ಅಂದ್ರು ಟೀಮ್‌ನವರು. ತೆಗೆದೆ. ಆದರೂ ಸರಿಹೋಗಲಿಲ್ಲ!

ಇದರ ಕಾರಣ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು. 1988ರಲ್ಲಿ ಇದೇ ಪುಣೆಯಲ್ಲಿ ಸಿ-ಡ್ಯಾಕ್ ಶುರುವಾಯ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ ಇಲ್ಲಿ ಬೆಳೀತು. 1991ರಲ್ಲಿ ಮಾನಕವಾದ ಇಸ್ಕಿಯಲ್ಲಿ ಕನ್ನಡದ 'ಕ'ಕ್ಕೂ ಮರಾಠಿಯ 'ಕ'ಕ್ಕೂ ಒಂದೇ ಸಂಕೇತ, ಒಂದೇ ಬೈಟ್. ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿ ಕನ್ನಡಕ್ಕೆ ಬೇರೆಯದೇ ಜಾಗ ಕೊಟ್ಟಿತು. ಆ ಸಂಕೇತಗಳನ್ನು ಯುಟಿಎಫ್-8ನಲ್ಲಿ ಬರೆದರೆ ತಲಾ ಮೂರು ಬೈಟ್.

ಆಗಿನ ನೋಟ್‌ಪ್ಯಾಡ್ ಇಂಥ ಫೈಲ್‌ನ ಗುರುತಿಗೆ ಅಂತ ಮೊದಲಲ್ಲೇ ಕಣ್ಣಿಗೆ ಕಾಣದ ಮೂರು ಬೈಟ್ ಇಡ್ತಿತ್ತು. ಅದೇ ಬಾಮ್, ಅಂದ್ರೆ ಬೈಟ್ ಆರ್ಡರ್ ಮಾರ್ಕ್. ಕನ್ನಡದ ಸಾಲು ಅಳಿಸಿದ್ರೂ ಅದು ಉಳಿಯುತ್ತೆ. ಬರೀ ಇಂಗ್ಲಿಷ್ ಬರೆಯೋರು ಆನ್ಸಿಯಲ್ಲೇ ಸೇವ್ ಮಾಡ್ತಿದ್ರು, ಅವರಿಗೆ ಈ ಕಾಟ ಇರಲಿಲ್ಲ.

ವೆಬ್‌ನ ನಿಯಮ ಏನಂದ್ರೆ, ಮೊದಲು ಹೆಡರ್, ಆಮೇಲೆ ಫೈಲ್. ಬಾಮ್ ಮೊದಲೇ ಹೊರಬಿದ್ರೆ 'ಹೆಡರ್ಸ್ ಆಲ್ರೆಡಿ ಸೆಂಟ್' ಅಂತ ಪಿಎಚ್‌ಪಿ ಎಚ್ಚರಿಸುತ್ತೆ. ನಮಗೆ ಆ ಎಚ್ಚರಿಕೆಯೂ ಸಿಗಲಿಲ್ಲ. ಯಾಕಂದ್ರೆ 2000ದಲ್ಲಿ ಬಂದ ಪಿಎಚ್‌ಪಿ 4ರ ಔಟ್‌ಪುಟ್ ಬಫರಿಂಗ್ ನಮ್ಮ ಸರ್ವರ್‌ನಲ್ಲಿ ಆನ್ ಇತ್ತು. ಅದು ಔಟ್‌ಪುಟ್ ಎಲ್ಲವನ್ನೂ ತಡೆದಿಟ್ಟುಕೊಂಡು, ಹೆಡರ್ ಹೋದ ಮೇಲೆ ಬಿಡುತ್ತೆ. ಹೀಗಾಗಿ ಹೆಡರ್ ಸರಿಯಾಗೇ ಹೋಯ್ತು, ಅದರ ಹಿಂದೆ ಬಾಮ್, ಅದರ ಹಿಂದೆ ಜಿಪ್. ಕಂಟೆಂಟ್-ಲೆಂತ್‌ನಲ್ಲಿ ಜಿಪ್‌ನ ಅಳತೆ ಮಾತ್ರ ಹೇಳಿದ್ದರಿಂದ ಬ್ರೌಸರ್ ಅಷ್ಟನ್ನೇ ತಗೊಂಡಿತು. ಮುಂದೆ ಮೂರು ಬೈಟ್ ಸೇರಿ, ಕೊನೆಯ ಮೂರು ಕತ್ತರಿಸಿಹೋದವು. ಜಿಪ್‌ನ ಒಳಪಟ್ಟಿ ಇರೋದೇ ಕೊನೆಯಲ್ಲಿ!

ಬಫರಿಂಗ್ ತಪ್ಪನ್ನು ತಿದ್ದಲಿಲ್ಲ, ಮುಚ್ಚಿಟ್ಟಿತು ಅಷ್ಟೇ. ಪರಿಹಾರ ಇಷ್ಟು: ಬಾಮ್ ಇಲ್ಲದೆ ಸೇವ್ ಮಾಡಿ. ಫೈಲ್ ಕಳಿಸುವ ಮುಂಚೆ 'ಒಬಿ ಎಂಡ್ ಕ್ಲೀನ್' ಕರೆದು ಎಲ್ಲ ಬಫರ್ ಖಾಲಿ ಮಾಡಿ ಮುಚ್ಚಿ. ಇಲ್ಲಾಂದ್ರೆ ದೊಡ್ಡ ಫೈಲ್ ಪೂರ್ತಿ ಮೆಮೊರಿಯಲ್ಲೇ ತುಂಬಿಕೊಂಡು ಸ್ಕ್ರಿಪ್ಟ್ ನಿಂತುಹೋಗಬಹುದು.

2019ರಲ್ಲಿ ನೋಟ್‌ಪ್ಯಾಡೂ ಬದಲಾಯ್ತು. ಹೊಸ ಫೈಲ್‌ಗೆ ಈಗ ತಾನಾಗಿ ಬಾಮ್ ಇಡಲ್ಲ.

ಅವತ್ತು ಕೆಡಿಸಿದ್ದು ಕನ್ನಡ ಅಲ್ಲ. ಮೂರು ಬೈಟ್ ತೆಗೆದು, ಕನ್ನಡದ ಸಾಲನ್ನು ಮತ್ತೆ ಹಾಕಿದೆ. ಜಿಪ್ ಓಪನ್ ಆಯ್ತು.