ಅಡುಗೆಯವನಿಗೂ ಬಂದ ಲೆಕ್ಕ

ಸಿ ಭಾಷೆ ಕಲಿಯುವಾಗ ನಾವೆಲ್ಲ ಬರೆದಿರುವ ಪುಟಾಣಿ ಪ್ರೋಗ್ರಾಮು ಒಂದಿದೆ. ಕೊಟ್ಟ ಇಸವಿ ಲೀಪ್ ವರ್ಷ ಹೌದೋ ಅಲ್ಲವೋ ಅಂತ ಹೇಳುವುದು. 4ರಿಂದ ಭಾಗವಾದರೆ ಹೌದು. 100ರಿಂದಲೂ ಭಾಗವಾದರೆ ಅಲ್ಲ. 400ರಿಂದಲೂ ಭಾಗವಾದರೆ ಮತ್ತೆ ಹೌದು. ಲ್ಯಾಬಿನಲ್ಲಿ ಎರಡನೆಯ ಷರತ್ತು ಮರೆತರೆ ಒಂದೋ ಎರಡೋ ಮಾರ್ಕ್ಸ್ ಹೋಗುತ್ತಿತ್ತು, ಅಷ್ಟೆ. ಆದರೆ ಅದೇ ಷರತ್ತನ್ನು ಮರೆತ ಪುಸ್ತಕವೊಂದನ್ನು ನಂಬಿ ಹಡಗುಗಳು ದಾರಿ ತಪ್ಪಿದ್ದವು ಅಂದರೆ ನಂಬುತ್ತೀರಾ?

ಪುಸ್ತಕದ ಹೆಸರು 'ದಿ ನ್ಯೂ ಪ್ರ್ಯಾಕ್ಟಿಕಲ್ ನ್ಯಾವಿಗೇಟರ್'. ಬರೆದವನು ಜಾನ್ ಹ್ಯಾಮಿಲ್ಟನ್ ಮೂರ್, ಅಚ್ಚಾದದ್ದು ಲಂಡನ್ನಿನಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಬಲ್ಲ ಹಡಗಿನ ಅಧಿಕಾರಿಗಳು ದಾರಿ ಹುಡುಕುವುದನ್ನು ಕಲಿಯುತ್ತಿದ್ದದ್ದು ಹೆಚ್ಚಾಗಿ ಇದರಿಂದಲೇ. ಅದರ ಸೂರ್ಯನ ಕೋಷ್ಟಕದಲ್ಲಿ 1800ನ್ನು ಲೀಪ್ ವರ್ಷ ಅಂತ ಹಿಡಿದುಬಿಟ್ಟಿದ್ದರು!

ಅದರಿಂದ ಏನಾಯಿತು ಅಂತ ತಿಳಿಯಲು ನೌಕಾಯಾನದ ಮೊದಲ ಪಾಠ ಸ್ವಲ್ಪ ನೋಡೋಣ. ಸುತ್ತ ಬರೀ ನೀರು. ಮಧ್ಯಾಹ್ನ ಸೂರ್ಯ ಅತ್ಯಂತ ಮೇಲಿದ್ದಾಗ ಕ್ಷಿತಿಜದಿಂದ ಅವನು ಎಷ್ಟು ಡಿಗ್ರಿ ಎತ್ತರದಲ್ಲಿದ್ದಾನೆ ಅಂತ ಸೆಕ್ಸ್ಟೆಂಟಿನಲ್ಲಿ ಅಳೆಯಬೇಕು. ಹಗಲು ರಾತ್ರಿ ಸಮನಾಗಿರುವ ದಿನ ಸೂರ್ಯ ಸರಿಯಾಗಿ ಭೂಮಧ್ಯರೇಖೆಯ ಮೇಲಿರುತ್ತಾನೆ. ಅಂದು ಅಳತೆಯನ್ನು 90ರಿಂದ ಕಳೆದರೆ ಸಾಕು, ಅಕ್ಷಾಂಶ ಸಿಕ್ಕಿತು. ಮಿಕ್ಕ ದಿನಗಳಲ್ಲಿ ಸೂರ್ಯ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಸರಿದಿದ್ದಾನೆ ಅನ್ನುವುದನ್ನೂ ಕೂಡಿಸಬೇಕು ಅಥವಾ ಕಳೆಯಬೇಕು. ನಮ್ಮ ಪಂಚಾಂಗದವರು ಇದನ್ನು 'ಕ್ರಾಂತಿ' ಅನ್ನುತ್ತಾರೆ. ದಿನದಿನದ ಕ್ರಾಂತಿ ಪುಸ್ತಕದ ಕೋಷ್ಟಕದಲ್ಲಿರುತ್ತದೆ.

ಮಾರ್ಚ್, ಸೆಪ್ಟೆಂಬರುಗಳಲ್ಲಿ ಈ ಕ್ರಾಂತಿ ಒಂದೇ ದಿನಕ್ಕೆ ಹೆಚ್ಚುಕಡಿಮೆ 24 ಕಲೆಗಳಷ್ಟು ಬದಲಾಗುತ್ತದೆ (60 ಕಲೆಗೆ ಒಂದು ಡಿಗ್ರಿ). ಅಕ್ಷಾಂಶದ ಒಂದು ಕಲೆ ಅಂದರೆ ಒಂದು ನಾಟಿಕಲ್ ಮೈಲಿ, 1.85 ಕಿಲೋಮೀಟರ್. 1800ರಲ್ಲಿ ಇಲ್ಲದ ಫೆಬ್ರವರಿ 29ನ್ನು ಸೇರಿಸಿದ್ದರಿಂದ ಮಾರ್ಚ್ ಒಂದರಿಂದಾಚೆಗೆ ಕೋಷ್ಟಕ ಒಂದು ದಿನ ಆಚೀಚೆ. ಅಂದರೆ ಕ್ಯಾಪ್ಟನ್ ಚೆನ್ನಾಗಿ ಅಳೆದು, ತಪ್ಪಿಲ್ಲದೆ ಕೂಡಿ ಕಳೆದರೂ ಹಡಗು ತಾನಿದ್ದಲ್ಲಿಂದ 40 ಕಿಲೋಮೀಟರಿಗೂ ದೂರ ಇದೆ ಅಂತ ಉತ್ತರ ಬರುತ್ತಿತ್ತು. ಕತ್ತಲಲ್ಲಿ ಬಂಡೆಗೆ ಬಡಿಯಲು ಅಷ್ಟು ಧಾರಾಳವಾಗಿ ಸಾಕು.

ಈ ಪುಸ್ತಕವನ್ನು 'ಡೀಬಗ್' ಮಾಡಿದವನೇ ನನ್ನ ಇವತ್ತಿನ ಕಥಾನಾಯಕ, ನಥಾನಿಯಲ್ ಬೌಡಿಚ್. 1773ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಸೇಲಂ ಬಂದರಿನಲ್ಲಿ ಹುಟ್ಟಿದವನು. ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟ. ಹನ್ನೆರಡಕ್ಕೆ ಹಡಗಿನ ಸಾಮಾನು ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ನ್ಯೂಟನ್ನನ 'ಪ್ರಿನ್ಸಿಪಿಯಾ' ಓದಬೇಕು ಅಂತ ತಾನೇ ಲ್ಯಾಟಿನ್ ಕಲಿತ. ಪುಸ್ತಕಗಳು ಎಲ್ಲಿಂದ ಬಂದವು ಅಂತೀರಾ? ಅದೂ ಮಜವಾಗಿದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಅಲ್ಲಿನ ಹಡಗೊಂದು, ಐರಿಶ್ ವಿಜ್ಞಾನಿ ರಿಚರ್ಡ್ ಕಿರ್ವಾನನ ಗ್ರಂಥಗಳನ್ನು ಸಾಗಿಸುತ್ತಿದ್ದ ಹಡಗನ್ನು ಹಿಡಿದು ಎಲ್ಲವನ್ನೂ ದೋಚಿತ್ತು. ಆ ಪುಸ್ತಕಗಳೇ ಸೇಲಂನಲ್ಲಿ ಗ್ರಂಥಾಲಯವಾದವು. ಬೌಡಿಚ್ ಅಲ್ಲಿ ಕೂತು ಪುಟಗಟ್ಟಲೆ ನೋಟ್‌ಬುಕ್ಕಿಗೆ ಇಳಿಸಿಕೊಂಡ. ಪೈರೇಟೆಡ್ ಪುಸ್ತಕ ಓದಿ ಇಂಜಿನಿಯರಿಂಗ್ ಮುಗಿಸಿದ ನಮಗೆ ಇವನು ಹತ್ತಿರದವನೇ :)

1795ರಲ್ಲಿ ಗುಮಾಸ್ತನಾಗಿ ಹಡಗು ಹತ್ತಿದ. ಸಮುದ್ರದ ಮೇಲೆ ಪುರುಸೊತ್ತಿಗೇನು ಕೊರತೆ? ಮೂರ್ ಪುಸ್ತಕದ ಕೋಷ್ಟಕಗಳನ್ನು ಒಂದೊಂದಾಗಿ ಮತ್ತೆ ಲೆಕ್ಕ ಹಾಕುತ್ತಾ ಹೋದ. ಅವನು ಎಣಿಸಿದ ತಪ್ಪುಗಳು ಸುಮಾರು 8,000! ಮೊದಮೊದಲು ಅದನ್ನು ತಿದ್ದಿ ಅಚ್ಚು ಹಾಕಿಸುವುದು ಅಂತ ಪ್ರಕಾಶಕ ಎಡ್ಮಂಡ್ ಬ್ಲಂಟ್ ಜೊತೆ ಮಾತಾಗಿತ್ತು. ಎಷ್ಟು ತಿದ್ದಿದರೂ ಮುಗಿಯದೆ, 1802ರಲ್ಲಿ ಬೌಡಿಚ್‌ನ ಹೆಸರಿನಲ್ಲೇ ಹೊಸ ಪುಸ್ತಕ ಬಂತು: 'ದಿ ನ್ಯೂ ಅಮೆರಿಕನ್ ಪ್ರ್ಯಾಕ್ಟಿಕಲ್ ನ್ಯಾವಿಗೇಟರ್'.

ತಪ್ಪು ತಿದ್ದಿದ್ದು ದೊಡ್ಡ ಕೆಲಸವೇ. ಆದರೆ ನನಗೆ ಹಿಡಿಸಿದ್ದು ಇನ್ನೊಂದು.

ಅಕ್ಷಾಂಶ ಸುಲಭ, ರೇಖಾಂಶ ಕಷ್ಟ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹಾಗಾಗಿ ಇಲ್ಲಿನ ಸಮಯ ಮತ್ತು ಗ್ರೀನಿಚ್ ಸಮಯ ಎರಡೂ ಗೊತ್ತಿದ್ದರೆ ರೇಖಾಂಶ ಸಿಗುತ್ತದೆ. ಗ್ರೀನಿಚ್ ಸಮಯ ಹಿಡಿದಿಡುವ ಕ್ರೋನೋಮೀಟರ್ ಗಡಿಯಾರ ಆಗ ಬಲು ದುಬಾರಿ. ಬಡವರ ಗಡಿಯಾರ ಅಂದರೆ ಚಂದ್ರ! ಅವನು ನಕ್ಷತ್ರಗಳ ನಡುವೆ ಗಂಟೆಗೆ ಅರ್ಧ ಡಿಗ್ರಿಯಷ್ಟು ಸರಿಯುತ್ತಾನೆ. ಚಂದ್ರನಿಗೂ ಸೂರ್ಯನಿಗೂ, ಅಥವಾ ಚಂದ್ರನಿಗೂ ಒಂದು ನಕ್ಷತ್ರಕ್ಕೂ ನಡುವಿನ ಕೋನ ಅಳೆದು, 1767ರಿಂದ ಬರುತ್ತಿದ್ದ 'ನಾಟಿಕಲ್ ಅಲ್ಮನಾಕ್' ತೆರೆದು ಹೋಲಿಸಿದರೆ ಗ್ರೀನಿಚ್‌ನಲ್ಲಿ ಈಗೆಷ್ಟು ಗಂಟೆ ಅಂತ ತಿಳಿಯುತ್ತದೆ. ಆದರೆ ಅಳತೆಯಲ್ಲಿ ಒಂದು ಕಲೆ ತಪ್ಪಿದರೆ ರೇಖಾಂಶದಲ್ಲಿ ಅರ್ಧ ಡಿಗ್ರಿ ತಪ್ಪು. ಜೊತೆಗೆ ಗಾಳಿಯಲ್ಲಿ ಬೆಳಕು ಬಾಗುವುದನ್ನೂ, ಚಂದ್ರ ಹತ್ತಿರವಿರುವುದರಿಂದ ಬರುವ ವ್ಯತ್ಯಾಸವನ್ನೂ ಸರಿಪಡಿಸುವ ಉದ್ದನೆಯ ತ್ರಿಕೋನಮಿತಿ. ಇದು ಗಣಿತ ಬಲ್ಲವರ ಕೆಲಸ, ಸಾಮಾನ್ಯ ನಾವಿಕನಿಗೆ ಯಾಕೆ ಅನ್ನುವವರೇ ಹೆಚ್ಚು.

ಬೌಡಿಚ್ ಆ ಲೆಕ್ಕವನ್ನು ಸರಳ ಮಾಡಿ, ಹಡಗಿನ ಆಳುಗಳಿಗೇ ಪಾಠ ಶುರು ಮಾಡಿದ. ಅವರಿಗೆ ಕಲಿಸಲಾಗದ ಯಾವುದನ್ನೂ ಪುಸ್ತಕದಲ್ಲಿ ಹಾಕುವುದಿಲ್ಲ ಅಂತ ಹಟ ತೊಟ್ಟಿದ್ದನಂತೆ. ಕೊನೆಗೆ ಹನ್ನೆರಡು ಜನರಿಗೂ, ಅಡುಗೆಯವನನ್ನೂ ಸೇರಿಸಿ, ಚಂದ್ರನನ್ನು ಅಳೆದು ಹಡಗಿನ ಜಾಗ ಗುರುತಿಸಲು ಬರುತ್ತಿತ್ತು ಅಂತ ಹೇಳುತ್ತಾರೆ.

ಯೋಚಿಸಿ ನೋಡಿ. ಕ್ಯಾಪ್ಟನ್ ಒಬ್ಬನಿಗೇ ದಾರಿ ಗೊತ್ತಿದ್ದು, ಅವನು ಜ್ವರದಿಂದ ನಡುದಾರಿಯಲ್ಲಿ ಸತ್ತರೆ? ಉಳಿದವರ ಪ್ರಾಣ ಇದ್ದದ್ದು ಆ ಲೆಕ್ಕದಲ್ಲಿ. ಅದನ್ನು ಹಂಚುವುದು ಉದಾರತೆಯಷ್ಟೇ ಅಲ್ಲ, ಎಲ್ಲರೂ ಬದುಕಿ ಮನೆ ಸೇರುವ ಉಪಾಯ.

1803ರ ಕ್ರಿಸ್‌ಮಸ್ ರಾತ್ರಿ ಅವನು ಸುಮಾತ್ರಾದಿಂದ ಮೆಣಸು ತುಂಬಿಕೊಂಡು 'ಪಟ್ನಂ' ಹಡಗಿನಲ್ಲಿ ಸೇಲಂಗೆ ಮರಳಿದ. ಈ ಸಲ ಕ್ಯಾಪ್ಟನ್ ಅವನೇ. ಕಣ್ಣು ಕಾಣದಷ್ಟು ಹಿಮ ಸುರಿಯುತ್ತಿತ್ತು. ಬೇಕರ್ಸ್ ದ್ವೀಪದ ದೀಪ ಒಂದು ಕ್ಷಣ ಮಿನುಗಿದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಲೆಕ್ಕದ ಮೇಲೆಯೇ. ಹಡಗು ಕ್ಷೇಮವಾಗಿ ದಡ ಮುಟ್ಟಿತು.

ಮುಂದೆ ಲಾಪ್ಲಾಸನ ಖಗೋಳ ಗ್ರಂಥವನ್ನು ಇಂಗ್ಲಿಷಿಗೆ ತಂದ. ಲಾಪ್ಲಾಸ್ 'ಇದು ಸ್ಪಷ್ಟ' ಅಂತ ಹಾರಿಸಿದ್ದ ಕಡೆಯಲ್ಲೆಲ್ಲ ಗಂಟೆಗಟ್ಟಲೆ ಕೂತು, ಬಿಟ್ಟ ಮೆಟ್ಟಿಲುಗಳನ್ನು ಟಿಪ್ಪಣಿಯಲ್ಲಿ ತುಂಬಿದ. 1838ರಲ್ಲಿ ತೀರಿಕೊಂಡ. ಅವನ ನ್ಯಾವಿಗೇಟರನ್ನು ಅಮೆರಿಕ ಸರ್ಕಾರ ಇಂದಿಗೂ ಪರಿಷ್ಕರಿಸಿ ಪ್ರಕಟಿಸುತ್ತಿದೆ. ನಾವಿಕರಿಗೆ ಆ ಪುಸ್ತಕದ ಹೆಸರೇ 'ಬೌಡಿಚ್'.

ನಾನೂ ಆಫೀಸಿನಲ್ಲಿ ಡಾಕ್ಯುಮೆಂಟು ಬರೆಯುವಾಗ 'ಇದು ಎಲ್ಲರಿಗೂ ಗೊತ್ತಿರುತ್ತೆ ಬಿಡು' ಅಂತ ಎಷ್ಟೋ ಮೆಟ್ಟಿಲು ಹಾರಿಸಿದ್ದೇನೆ. ನಾನು ರಜೆಯಲ್ಲಿದ್ದಾಗ ಫೋನು ಬರುವುದು ಸರಿಯಾಗಿ ಆ ಮೆಟ್ಟಿಲುಗಳ ಬಗ್ಗೆಯೇ! ಈಚೆಗೆ ಬರೆದು ಮುಗಿಸಿದ ಮೇಲೆ ಒಂದು ಸಲ ಕೇಳಿಕೊಳ್ಳುತ್ತೇನೆ: ಹಡಗಿನ ಅಡುಗೆಯವನಿಗೆ ಇದು ಅರ್ಥವಾಗುತ್ತಾ?