ಬಿಲ್ಲು ಎಲ್ಲಿ ಸ್ವಾಮಿ? ಬಾಡಿಗೆ ಕಾನೂನಿನ ನೂರು ವರ್ಷದ ಕಥೆ

ಡಿಪ್ಲೊಮಾ ಓದಲು ಬೆಂಗಳೂರಿಗೆ ಹೋದಾಗ ನನ್ನ ಕೋಣೆಯ ಬಾಡಿಗೆ ತಿಂಗಳಿಗೆ 5,000 ರೂಪಾಯಿ. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 50,000. ಆ ವರ್ಷದ ರಾಗಿ ಮಾರಿದ ದುಡ್ಡಿಗೆ ಕೈಸಾಲ ಸೇರಿಸಿ ಅಪ್ಪ ಕೊಟ್ಟಿದ್ದರು. ಕೋಣೆ ಬಿಡುವಾಗ ವಾಪಸ್ ಬಂದದ್ದು 37,000.

"ಪೇಂಟಿಂಗು, ಕ್ಲೀನಿಂಗು ಎಲ್ಲ ಸೇರಿ" ಅಂದರು ಓನರ್. ಬಿಲ್ಲು ಕೇಳಿದೆ. "ಬಿಲ್ಲೆಲ್ಲ ಯಾರಪ್ಪ ಇಟ್ಕೋತಾರೆ? ಎಲ್ಲರ ಹತ್ರಾನೂ ಹಿಡಿಯೋದೇ."

ಊರಿಗೆ ಬಂದು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಮಂಡಿಯವನು ಕಮಿಷನ್ ಹಿಡಿದರೂ ಚೀಟಿ ಕೊಡ್ತಾನಲ್ಲೋ. ಇವರು ಅದನ್ನೂ ಕೊಡಲಿಲ್ವಾ?"

ಅಪ್ಪನ ಆ ಪ್ರಶ್ನೆ ಹೊಸದಲ್ಲ. ನಮ್ಮ ದೇಶದ ಬಾಡಿಗೆ ಕಾನೂನುಗಳು ನೂರು ವರ್ಷದಿಂದ ಅದರ ಸುತ್ತಲೇ ತಿರುಗುತ್ತಿವೆ.

ಶುರುವಾದದ್ದು ಮುಂಬೈಯಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮನೆ ಸಿಗುವುದೇ ಕಷ್ಟವಾಗಿ ಬಾಡಿಗೆ ಏರಿತು. 1918ರಲ್ಲಿ ಸರ್ಕಾರ ಬಾಡಿಗೆಗೆ ಕಡಿವಾಣ ಹಾಕುವ ಕಾನೂನು ತಂದಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ 1947ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಅಳತೆಗೋಲು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಹುಬ್ಬಳ್ಳಿ, ಧಾರವಾಡ ಕಡೆಗೂ ಇದೇ ಕಾನೂನು.

ಅದರಲ್ಲಿ ಎರಡು ಒಳ್ಳೆಯ ಅಂಶಗಳಿದ್ದವು. ದುಡ್ಡು ತೆಗೆದುಕೊಂಡ ಮಾಲೀಕ ಅಲ್ಲೇ ರಸೀದಿ ಬರೆದುಕೊಡಬೇಕು. ಬಾಡಿಗೆದಾರನನ್ನು ಓಡಿಸಲು ನೀರು, ಕರೆಂಟು ಕಿತ್ತುಹಾಕುವಂತಿಲ್ಲ.

ಆದರೆ ಬಾಡಿಗೆ 1940ರಲ್ಲೇ ನಿಂತರೆ ಏನಾಗುತ್ತದೆ? ಬೇಳೆಕಾಳಿನ ಬೆಲೆ ಏರಿತು, ರಿಪೇರಿ ಕೂಲಿ ಏರಿತು, ಬಾಡಿಗೆ ಮಾತ್ರ ಏರಲಿಲ್ಲ. ಆಗ ಹಬ್ಬಿದ್ದು 'ಪಗಡಿ'. ಮನೆ ಬೇಕಾದವನು ಮೊದಲೇ ದೊಡ್ಡ ಗಂಟು ಕೊಡಬೇಕು, ಆಮೇಲೆ ತಿಂಗಳಿಗೆ ಪುಡಿಗಾಸು ಬಾಡಿಗೆ. ಪುಡಿಗಾಸಿಗೆ ರಸೀದಿ ಉಂಟು, ಗಂಟಿಗೆ ಇಲ್ಲ. 1947ರ ಕಾನೂನಿನಲ್ಲಿ ಪಗಡಿ ಅಪರಾಧವೇ ಆಗಿತ್ತು. ಆದರೂ ಐವತ್ತು ವರ್ಷ ನಡೆಯಿತು. ಕೊನೆಗೆ ಮಹಾರಾಷ್ಟ್ರ 1999ರಲ್ಲಿ ಹೊಸ ಕಾನೂನು ಮಾಡಿ, ಅಂಥ ಹಣ ಪಡೆಯುವುದನ್ನು ಸಕ್ರಮ ಮಾಡಿತು.

ಬೆಲೆಗೆ ಬೀಗ ಹಾಕಿದರೆ ದುಡ್ಡು ಕತ್ತಲಿಗೆ ಹೋಗುತ್ತದೆ ಅನ್ನುವುದು ಅಲ್ಲಿ ಕಲಿತ ಪಾಠ.

ಇನ್ನು ನಮ್ಮ ರಾಜ್ಯ. 1956ರಲ್ಲಿ ಏಕೀಕರಣವಾದಾಗ ಒಂದೊಂದು ಭಾಗಕ್ಕೂ ಒಂದೊಂದು ಬಾಡಿಗೆ ಕಾನೂನಿತ್ತು. ಕಲಬುರಗಿಗೆ ಹೈದರಾಬಾದಿನದು, ಮಂಗಳೂರಿಗೆ ಮದ್ರಾಸಿನದು, ಕೊಡಗಿಗೆ ಅದರದೇ, ಹಳೇ ಮೈಸೂರಿಗೆ ಇನ್ನೊಂದು. ಇವನ್ನೆಲ್ಲ ತೆಗೆದು 1961ರಲ್ಲಿ ಒಂದೇ ಬಾಡಿಗೆ ನಿಯಂತ್ರಣ ಕಾನೂನು ಮಾಡಿದರು.

ಅದರ ಜಾಗಕ್ಕೆ ಬಂದದ್ದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಕರಾರು ಬರವಣಿಗೆಯಲ್ಲಿರಬೇಕು, ಬಾಡಿಗೆ ಕೊಟ್ಟವನಿಗೆ ಸಹಿ ಹಾಕಿದ ರಸೀದಿ ಕೊಡಬೇಕು ಎಂದೆಲ್ಲ ಅದರಲ್ಲಿದೆ. ಆದರೆ ಒಂದು ಮಿತಿಯೂ ಇದೆ. ಬೆಂಗಳೂರಿನಂಥ ನಗರದಲ್ಲಿ ಕಾಯ್ದೆಯ ಲೆಕ್ಕದ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೆ, ಸಣ್ಣ ಊರುಗಳಲ್ಲಿ 2,000 ದಾಟಿದರೆ, ಆ ಮನೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಆ ಕಾಲಕ್ಕೆ ಅದು ದೊಡ್ಡವರ ಮನೆಯ ಬಾಡಿಗೆ. ಈಗ ನಮ್ಮೂರ ಹುಡುಗರು ಗಾರ್ಮೆಂಟ್ಸ್ ಹತ್ತಿರ ಹಿಡಿಯುವ ಒಂದು ಕೋಣೆ, ಅಡುಗೆಮನೆಯ ಮನೆಗೂ ಅದಕ್ಕಿಂತ ಹೆಚ್ಚು ಕೊಡಬೇಕು. ಅಂಥ ಮನೆಗಳಿಗೆಲ್ಲ ಉಳಿಯುವುದು ಕರಾರು ಪತ್ರ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಆ ಕರಾರನ್ನೂ ನಮ್ಮವರು ಓದದೆ ಸಹಿ ಹಾಕುತ್ತಾರೆ. ನಾನೂ ಹಾಗೇ ಹಾಕಿದ್ದೆ.

2021ರ ಜೂನ್ 2ರಂದು ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಇದು ಬಾಡಿಗೆ ಎಷ್ಟಿರಬೇಕೆಂದು ಹೇಳುವುದಿಲ್ಲ, ಅದು ಇಬ್ಬರಿಗೂ ಬಿಟ್ಟದ್ದು. ಆದರೆ ಎಲ್ಲವೂ ಕಾಗದದ ಮೇಲಿರಬೇಕು ಅನ್ನುತ್ತದೆ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಯಾವ ರಿಪೇರಿ ಯಾರ ಖರ್ಚು ಅನ್ನುವ ಪಟ್ಟಿಯೇ ಅದರಲ್ಲಿದೆ. ನಲ್ಲಿ ವಾಷರ್, ಸ್ವಿಚ್ಚು, ಚರಂಡಿ ಸ್ವಚ್ಛತೆ ಬಾಡಿಗೆದಾರನದು. ಪೈಪು, ವೈರಿಂಗು ಮಾಲೀಕನದು. ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ ಗೋಡೆಗೆ ಸುಣ್ಣಬಣ್ಣವೂ ಮಾಲೀಕನದೇ! ಅದನ್ನು ಓದಿದಾಗ ನನಗೆ ನೆನಪಾದದ್ದು ಆ 13,000.

ಆದರೆ ಇದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡರಷ್ಟೇ ಅಲ್ಲಲ್ಲಿ ಜಾರಿ.

ಮಾಲೀಕರೆಲ್ಲ ಕೆಟ್ಟವರೇನಲ್ಲ. ನಿವೃತ್ತಿಯ ದುಡ್ಡು ಹಾಕಿ ಎರಡು ಮನೆ ಕಟ್ಟಿ, ಅದರ ಬಾಡಿಗೆಯಲ್ಲೇ ಬದುಕುವವರೂ ಇದ್ದಾರೆ. ಲೆಕ್ಕ ಕಾಗದದ ಮೇಲಿದ್ದರೆ ಅವರಿಗೂ ಜಗಳ ತಪ್ಪುತ್ತದೆ.

ಈ ಜೂನ್‌ನಲ್ಲಿ ನಿಮ್ಮ ಮಗನೋ ಮಗಳೋ ಊರು ಬಿಟ್ಟು ಪೇಟೆಗೆ ಹೊರಟಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಕರಾರು ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ. ಮೇಂಟೆನೆನ್ಸ್ ಎಷ್ಟು, ನೀರಿಗೆ ಎಷ್ಟು, ಬಿಡುವಾಗ ಏನು ಹಿಡಿಯುತ್ತಾರೆ ಅನ್ನುವುದನ್ನು ಅದರಲ್ಲೇ ಬರೆಸಿ. ದುಡ್ಡನ್ನು ಬ್ಯಾಂಕ್ ಮೂಲಕವೇ ಕಳಿಸಿ. ಮನೆಗೆ ಕಾಲಿಟ್ಟ ದಿನ ಗೋಡೆಗಳ ಫೋಟೊ ತೆಗೆದಿಡಿ.

ಮಂಡಿಯಲ್ಲಿ ಚೀಟಿ ಇಲ್ಲದೆ ಮೂಟೆ ಇಳಿಸದ ಜನ ನಾವು. ಬಾಡಿಗೆ ಮನೆಯಲ್ಲೂ ಅಷ್ಟನ್ನು ಕೇಳೋಣ.