ಮೂಗಿನ ಗಂಟಿನ ಗುಟ್ಟು ಮೀನಿನ ಮನೆತನದಲ್ಲಿತ್ತು

ಒಂದು ಜೀವಿಯ ಗುರುತು ಹಿಡಿಯೋಕೆ ವಿಜ್ಞಾನಿಗಳು ನೂರು ವರ್ಷ ಒದ್ದಾಡಿದ ಇತಿಹಾಸ ಇವತ್ತು ಹೇಳ್ತೀನಿ. ಕೊನೆಗೆ ಸುಳಿವು ಸಿಕ್ಕಿದ್ದು ಮೀನಿನ ರೋಗಗಳಲ್ಲಿ.

ನಮ್ಮ ಜಿಲ್ಲೆಯ ನೀರನ್ನೇ ನೋಡ್ರಿ. ಗದಗ-ಬೆಟಗೇರಿಗೆ ಭೀಷ್ಮ ಕೆರೆ, ಶಿರಹಟ್ಟಿ-ಲಕ್ಷ್ಮೇಶ್ವರದವರಿಗೆ ಮಾಗಡಿ ಕೆರೆ, ಮುಂಡರಗಿ ತಾಲ್ಲೂಕಿನ ಅಂಚಿಗೆ ತುಂಗಭದ್ರೆ. ಕೆರೆ, ಹೊಳೆ ಇದ್ದಲ್ಲಿ ಹುಡುಗರು ಈಜ್ತಾರೆ, ರೈತರು ಎತ್ತಿನ ಮೈ ತೊಳೀತಾರೆ, ಕೂಲಿಯವರು ನೀರಿಗಿಳಿದು ಉಸುಕು ತೆಗೀತಾರೆ. ಇಂಥ ನೀರಿನ ಜೊತೆ ನಂಟಿರೋ ಒಂದು ಕಾಯಿಲೆಯ ಹೆಸರು ರೈನೋಸ್ಪೊರಿಡಿಯೋಸಿಸ್. ಮೂಗಿನೊಳಗೆ ಕೆಂಪಗೆ, ಸ್ಟ್ರಾಬೆರಿಯಂಥ ಗಂಟು ಬೆಳೆಯುತ್ತದೆ. ಮುಟ್ಟಿದರೆ ರಕ್ತ. ಜಗತ್ತಿನಲ್ಲಿ ಇದು ಹೆಚ್ಚು ಕಾಣೋದು ಭಾರತ ಮತ್ತು ಶ್ರೀಲಂಕಾದಲ್ಲಿ. ದನ, ಕುದುರೆಗಳಿಗೂ ಬರುತ್ತದೆ.

ಆದರೆ ಇದನ್ನು 1900ರಲ್ಲಿ ವಿವರಿಸಿದ್ದು ದೂರದ ಅರ್ಜೆಂಟೀನಾದಲ್ಲಿ. ಬ್ಯೂನಸ್ ಐರಿಸ್‌ನ ವೈದ್ಯ ವಿದ್ಯಾರ್ಥಿ ಗಿಲೆರ್ಮೊ ಸೀಬರ್, ಇದು ಮಲೇರಿಯಾ ಜೀವಿಯ ದೂರದ ಸಂಬಂಧಿ ಅಂದುಕೊಂಡರು. 1903ರಲ್ಲಿ ಕಲ್ಕತ್ತಾದಲ್ಲಿ ಓಕಿನೀಲಿ ಇಂಥದ್ದೇ ಗಂಟಿನ ವರದಿ ಮಾಡಿದರು. 1923ರಲ್ಲಿ ಎಡಿನ್‌ಬರೋದ ಆಶ್‌ವರ್ತ್, 'ಇದು ಶಿಲೀಂಧ್ರ' ಎಂದರು. ಪಠ್ಯಪುಸ್ತಕಗಳು ದಶಕಗಳ ಕಾಲ ಅದನ್ನೇ ಹೇಳಿದವು. 1990ರ ದಶಕದಲ್ಲಿ ದೆಹಲಿ ಏಮ್ಸ್‌ನ ಕೆ.ಬಿ. ಅಹ್ಲುವಾಲಿಯಾ, ಇದು ಕೆರೆಯ ನೀರನ್ನು ಹಸಿರಾಗಿಸೋ ಮೈಕ್ರೊಸಿಸ್ಟಿಸ್ ಬ್ಯಾಕ್ಟೀರಿಯಾ ಎಂದು ವಾದಿಸಿದರು. ಇಷ್ಟು ಗೊಂದಲ ಯಾಕೆ? ಈ ಜೀವಿ ಲ್ಯಾಬಿನ ತಟ್ಟೆಯಲ್ಲಿ ಸುಲಭಕ್ಕೆ ಬೆಳೆಯೋದಿಲ್ಲ.

ತಿರುವು ಬಂದಿದ್ದು ಜೀನ್ ಓದೋಕೆ ಬಂದ ಮೇಲೆ. 1996ರಲ್ಲಿ ಮೀನು ಮತ್ತು ಸಿಗಡಿಯಂಥ ಜೀವಿಗಳನ್ನು ಕಾಡೋ ಕೆಲವು ಏಕಕೋಶ ಪರಾವಲಂಬಿಗಳು ಒಂದು ಹೊಸ ಬಳಗ ಅಂತ ಗೊತ್ತಾಯಿತು. ಡರ್ಮೊಸಿಸ್ಟಿಡಿಯಂ, ಇಕ್ತಿಯೋಫೋನಸ್ ಇದರಲ್ಲಿವೆ. 1999ರಲ್ಲಿ ಶ್ರೀಲಂಕಾದ ಅರ್ಸೆಕುಲರತ್ನೆ ಇದ್ದ ತಂಡ, 2000ದಲ್ಲಿ ಅಮೆರಿಕದ ಫ್ರೆಡ್ರಿಕ್ಸ್ ತಂಡ ಮೂಗಿನ ಜೀವಿಯ ಜೀನ್ ಹೋಲಿಸಿದವು. ಅದು ಇದೇ ಬಳಗದ್ದು! ಪ್ರಾಣಿ ಮತ್ತು ಶಿಲೀಂಧ್ರಗಳ ಕೊಂಬೆ ಬೇರೆಯಾಗೋ ಜಾಗದ ಹತ್ತಿರ ಇದರ ಕೊಂಬೆ ಇದೆ.

ಹಾಗಂತ ಮೀನಿನ ಪರಾವಲಂಬಿಗಳೆಲ್ಲ ಒಂದೇ ಮನೆತನದವಲ್ಲ. ಅಕ್ವೇರಿಯಂ ಮೀನಿಗೆ ಬಿಳಿ ಚುಕ್ಕೆ ತರೋ 'ಇಕ್' ಪ್ಯಾರಮೀಸಿಯಂ ಕಡೆಯದು. ಜಿಗಣೆ ಹರಡೋ ಟ್ರಿಪನೊಸೋಮ ಬೇರೆಯೇ ಕವಲು. 1841ರಲ್ಲಿ ವ್ಯಾಲೆಂಟಿನ್ ಅದನ್ನು ನೋಡಿದ್ದು ಟ್ರೌಟ್ ಮೀನಿನ ರಕ್ತದಲ್ಲಿ. ಇನ್ನು ಮಿಕ್ಸೊಬೊಲಸ್ ಮಜಾ ನೋಡ್ರಿ: ಬಹುಕಾಲ ಏಕಕೋಶ ಜೀವಿಗಳ ಪಟ್ಟಿಯಲ್ಲಿತ್ತು, ಕೊನೆಗೆ ಜೆಲ್ಲಿಫಿಶ್‌ನ ದಾಯಾದಿ ಅಂತಾಯಿತು. ಮೀನಿನ ಮೈ ಒಂದೇ ಸಂತೆ, ಬಂದವರು ಮಾತ್ರ ಬೇರೆ ಬೇರೆ ಊರಿನವರು.

ಹೆಸರಿನ ಜಗಳದಿಂದ ನಮಗೇನು ಅಂತೀರಾ? ಶಿಲೀಂಧ್ರ ಅಂತ ಕೊಟ್ಟ ಔಷಧಿ ಹೇಳಿಕೊಳ್ಳುವಷ್ಟು ಕೆಲಸ ಮಾಡಲಿಲ್ಲ. ಇಂದಿಗೂ ಮುಖ್ಯ ಚಿಕಿತ್ಸೆ ಎಂದರೆ ಗಂಟನ್ನು ಬುಡಸಮೇತ ತೆಗೆದು ಆ ಜಾಗ ಸುಡೋದು. ಆದರೂ ಮರುಕಳಿಸಬಹುದು. ಮೀನು ತಿಂದರೆ ಇದು ಬರುತ್ತದೆ ಅಂತ ಯಾರೂ ತೋರಿಸಿಲ್ಲ, ಹೆದರಬೇಡಿ. ಆದರೆ ಕೆರೆ, ಹೊಳೆಯಲ್ಲಿ ದಿನಾ ಇಳಿಯೋರಿಗೆ ಮೂಗು ಒಂದೇ ಕಡೆ ಕಟ್ಟಿ ಪದೇ ಪದೇ ರಕ್ತ ಬಂದರೆ, 'ಉಷ್ಣ ಆಗೇತಿ' ಅಂತ ಸುಮ್ಮನಿರಬೇಡಿ. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ನೀರಿನ ಕೆಲಸದ ವಿಷಯವನ್ನೂ ಹೇಳಿ.